ಹತ್ತನೆಯ ತರಗತಿಗೆ ಮುಗಿಯುವ ಜಿಲ್ಲೆ: ಮಧುಗಿರಿ ಸೀಮೆಯ ಉನ್ನತ ವಿದ್ಯೆಯ ಚರಿತ್ರೆ

ತುಮಕೂರು ಕಂದಾಯ ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇದು ಒಂದು ಜಿಲ್ಲೆಯಲ್ಲ, ಎರಡು. ದಕ್ಷಿಣದ ಆರು ತಾಲ್ಲೂಕುಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿದರೆ, ಉತ್ತರದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗ ಮಧುಗಿರಿಯ ಹೆಸರು ಜಿಲ್ಲೆಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ದ್ವಿತೀಯ ಪಿಯುಸಿ ಫಲಿತಾಂಶದ ಪಟ್ಟಿಯಲ್ಲಿ ಆ ಹೆಸರಿಲ್ಲ. ಅಲ್ಲಿರುವುದು ತುಮಕೂರು ಮಾತ್ರ. ಹೀಗೆ ಈ ಸೀಮೆಯು ವಿದ್ಯೆಯ ಲೆಕ್ಕಪತ್ರದಲ್ಲಿ ಹತ್ತನೆಯ ತರಗತಿಯವರೆಗೆ ಒಂದು ಜಿಲ್ಲೆ. ಅನಂತರ ಇನ್ನೊಂದು ಊರಿನ ಹೆಸರಿನಲ್ಲಿ ಕರಗಿಹೋಗುವ ಪ್ರದೇಶ.

ಇದು ಕೇವಲ ಆಡಳಿತದ ಅನುಕೂಲಕ್ಕಾಗಿ ಆದ ವಿಂಗಡಣೆಯೆಂಬುದು ನಿಜ. ಆದರೆ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಯ ಅನುಭವವೂ ಇದಕ್ಕಿಂತ ಬೇರೆಯಲ್ಲ. ಪದವಿಯವರೆಗಿನ ಓದಿಗೆ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅದರಾಚೆಗೆ ವಿಶ್ವವಿದ್ಯಾಲಯವೆಂದರೆ ತುಮಕೂರು, ಇಲ್ಲವೇ ಬೆಂಗಳೂರು. ಮೂರು ದಿಕ್ಕುಗಳಲ್ಲಿ ಆಂಧ್ರಪ್ರದೇಶದ ನೆಲ ಸುತ್ತುವರಿದಿರುವ ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಹಾಗಾದರೆ ಉನ್ನತ ವಿದ್ಯೆ ಈ ಸೀಮೆಗೆ ಎಂದೂ ಹೊರಗಿನ ವಸ್ತುವೇ ಆಗಿತ್ತೆ? ಹೊಸ ಅಧ್ಯಯನ ವಿಷಯಗಳನ್ನು ತೆರೆಯುವವರು ಯಾರು, ಅವುಗಳ ನೇತೃತ್ವ ವಹಿಸಿದವರು ಯಾರು, ಅವು ಬಾಳಿದ್ದು ಯಾವುದರ ಬಲದಿಂದ ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ ಶಾಸನಗಳಿಂದ ಇಂದಿನ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದವರೆಗೆ ಒಂದು ದಾರಿ ಕಾಣುತ್ತದೆ.

ನಿಡುಗಲ್ಲಿನ ಗುರುಪರಂಪರೆ

ಪಾವಗಡ ತಾಲ್ಲೂಕಿನ ನಿಡುಗಲ್ಲು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಒಂದು ಚೋಳ ಮನೆತನದ ರಾಜಧಾನಿಯಾಗಿತ್ತು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದು, ಮುಂದೆ ಹೊಯ್ಸಳರೊಡನೆ ಸೆಣಸಿದ ಈ ಅರಸರನ್ನು ಇತಿಹಾಸಕಾರರು ನಿಡುಗಲ್ಲಿನ ಚೋಳರೆಂದು ಕರೆಯುತ್ತಾರೆ. ಇವರ ಇನ್ನೊಂದು ನೆಲೆ ಹೆಂಜೇರು, ಅಂದರೆ ಇಂದು ಆಂಧ್ರಪ್ರದೇಶದ ಮಡಕಶಿರಾ ಭಾಗದಲ್ಲಿರುವ ಹೇಮಾವತಿ.

ಇದೇ ಮಡಕಶಿರಾ ಭಾಗದ ಪಾಟಶಿವರಂನಲ್ಲಿರುವ ಕ್ರಿ.ಶ. 1185ರ ಶಾಸನವೊಂದು ಪದ್ಮಪ್ರಭ ಮಲಧಾರಿದೇವರೆಂಬ ಮುನಿಗಳ ನಿಧನವನ್ನು ದಾಖಲಿಸಿದೆ. ಇವರು ವೀರನಂದಿ ಸಿದ್ಧಾಂತ ಚಕ್ರವರ್ತಿಗಳ ಶಿಷ್ಯರು. ಕುಂದಕುಂದಾಚಾರ್ಯರ ನಿಯಮಸಾರಕ್ಕೆ ತಾತ್ಪರ್ಯವೃತ್ತಿಯೆಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದ ಪದ್ಮಪ್ರಭರು ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪ್ರಾಕೃತದ ಒಂದು ಮೂಲಗ್ರಂಥವನ್ನು ಸಂಸ್ಕೃತದಲ್ಲಿ ವಿವರಿಸುವ ಪಾಂಡಿತ್ಯ, ಕನ್ನಡದಲ್ಲಿ ಶಾಸನ ಹಾಕಿಸುವ ಸಮಾಜದ ನಡುವೆ, ಇಂದು ಬರಪೀಡಿತವೆಂದಷ್ಟೇ ಹೆಸರಾದ ಈ ನೆಲದಲ್ಲಿ ನೆಲೆಸಿತ್ತೆಂಬುದು ಸಣ್ಣ ಸಂಗತಿಯಲ್ಲ.

ಪದ್ಮಪ್ರಭರೊಂದಿಗೆ ಈ ವಿದ್ಯೆ ಮುಗಿಯಲಿಲ್ಲ. ಸುಮಾರು ಅರ್ಧ ಶತಮಾನದ ನಂತರ, ಕ್ರಿ.ಶ. 1232ರ ನಿಡುಗಲ್ಲಿನ ಶಾಸನದಲ್ಲಿ ಅದೇ ಪರಂಪರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇರುಂಗೋಳನ ಆಳ್ವಿಕೆಯಲ್ಲಿ ಗಂಗೇಯನ ಮಾರೆಯನೆಂಬ ಅಧಿಕಾರಿ ನಿಡುಗಲ್ಲ ಬೆಟ್ಟದಲ್ಲಿ ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸುತ್ತಾನೆ. ಜೋಗವಟ್ಟಿಗೆಯ ಬಸದಿಯೆಂದು ಹೆಸರಾದ ಇದಕ್ಕೆ ಅರಸನಿಂದ ದತ್ತಿ ದೊರೆಯುತ್ತದೆ. ಮಾರೆಯನ ಗುರು ನೇಮಿ ಪಂಡಿತರು; ಅವರ ಗುರು ಪದ್ಮಪ್ರಭ ಮಲಧಾರಿದೇವರು; ಅವರ ಗುರು ವೀರನಂದಿಗಳು. ಮುಂದೆ ಕ್ರಿ.ಶ. 1278ರಲ್ಲಿ, ನಿಡುಗಲ್ಲಿನಿಂದ ಆಳುತ್ತಿದ್ದ ಇರುಂಗೋಣನ ಕಾಲದಲ್ಲಿ, ಇಂದಿನ ಅಮರಾಪುರಕ್ಕೆ ಸೇರಿದ ತೈಲಂಗೆರೆಯ ಬ್ರಹ್ಮ ಜಿನಾಲಯಕ್ಕೆ ಮಲ್ಲಿಸೆಟ್ಟಿಯೆಂಬ ಶ್ರಾವಕ 2,000 ಅಡಕೆ ಮರಗಳನ್ನು ಬಿಟ್ಟುಕೊಡುತ್ತಾನೆ. ಅವನ ಗುರು ಬಾಲೇಂದು ಮಲಧಾರಿಗಳು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಶಾಸನಗಳು ದಾನಿಯ ಹೆಸರಿನೊಡನೆ ಗುರುಪರಂಪರೆಯನ್ನೂ ತಪ್ಪದೆ ಹೇಳುತ್ತವೆ. ದಾನಿ ಬಸದಿಯನ್ನು ಕಟ್ಟಿಸಿದರೂ ಅದರ ವಿದ್ಯೆಯ ಒಡೆತನ ದಾನಿಯದಲ್ಲ. ಯಾರಿಂದ ಯಾರು ಕಲಿತರೆಂಬುದೇ ಅದಕ್ಕೆ ಪ್ರಮಾಣ. ಎರಡನೆಯದು, ದತ್ತಿಯ ಸ್ವರೂಪ. ಅಡಕೆಯ ಮರ ಒಮ್ಮೆ ಕೊಟ್ಟು ಮುಗಿಯುವ ಹಣವಲ್ಲ. ದಶಕಗಳ ಕಾಲ ವರ್ಷವರ್ಷವೂ ಫಲ ಕೊಡುತ್ತ ದಾನಿ ಗತಿಸಿದ ಮೇಲೂ ಸಂಸ್ಥೆಯನ್ನು ಸಾಕುವ ಆದಾಯ ಅದು. ಬಸದಿಯನ್ನು ವಿಶ್ವವಿದ್ಯಾಲಯವೆಂದು ಕರೆಯುವುದು ಅತಿಶಯೋಕ್ತಿಯಾದೀತು. ಅಲ್ಲಿ ಪದವಿಯಿರಲಿಲ್ಲ, ಪರೀಕ್ಷೆಯಿರಲಿಲ್ಲ. ಎಲ್ಲ ವರ್ಗದವರಿಗೂ ತೆರೆದ ಬಾಗಿಲೂ ಇರಲಿಲ್ಲ. ಆದರೆ ಆಹಾರ, ಅಭಯ, ಭೈಷಜ್ಯಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಸಮಾಜವು ವಿದ್ಯೆ ಬಾಳಬೇಕಾದರೆ ಏನೇನು ಬೇಕೆಂಬುದನ್ನು ಅರಿತಿತ್ತು. ಕಲಿಸುವವರ ಸರಣಿ ಮುರಿಯಬಾರದು. ಅವರನ್ನು ಸಾಕುವ ಆದಾಯ ಬತ್ತಬಾರದು.

ಶಿರಾ: ಅಧಿಕಾರದ ನೆರಳಿನಲ್ಲಿ

ಇದಕ್ಕೆ ವ್ಯತಿರಿಕ್ತವಾದ ಚಿತ್ರ ಶಿರಾದ್ದು. ಬಿಜಾಪುರದ ಆದಿಲಶಾಹಿಗಳ ಕೈಸೇರಿ, 1687ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಈ ಪಟ್ಟಣ ಕೆಲಕಾಲ ದಕ್ಷಿಣದ ಪ್ರಮುಖ ಆಡಳಿತ ಸ್ಥಳಗಳಲ್ಲಿ ಒಂದಾಗಿತ್ತು. ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿಗಳು ಆ ಕಾಲದ ಕುರುಹುಗಳು. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಶಿರಾದ ದಿಲಾವರಖಾನನ ಅರಮನೆಯೂ ಲಾಲ್‌ಬಾಗಿಗೆ ಇಲ್ಲಿನ ಖಾನ್‌ಬಾಗೂ ಮಾದರಿಯಾದವೆಂಬ ಹೇಳಿಕೆಯಿದೆ. ಆದರೆ ಅಧಿಕಾರದ ಕೇಂದ್ರ ಸರಿದೊಡನೆ ಊರೂ ಸರಿಯಿತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿಯ ಶಹರ್ ಗಂಜಾಮನ್ನು ನೆಲೆಗೊಳಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದರೆಂದು ಗೆಜೆಟಿಯರ್ ಹೇಳುತ್ತದೆ. ಅರಮನೆಯನ್ನು ನೆಚ್ಚಿ ಬೆಳೆದ ಪಟ್ಟಣ ಅರಮನೆಯೊಡನೆಯೇ ಇಳಿಯಿತು. ಒಬ್ಬ ಒಡೆಯನ ಇಚ್ಛೆಯನ್ನಷ್ಟೇ ಆಧಾರವಾಗಿ ಮಾಡಿಕೊಂಡ ಯಾವ ಸಂಸ್ಥೆಗೂ ಈ ಉದಾಹರಣೆ ಪ್ರಸ್ತುತವೇ.

ಮೈಸೂರು ವಿಶ್ವವಿದ್ಯಾಲಯ ಮತ್ತು ಕನ್ನಡ ಎಂ.ಎ.

ಆಧುನಿಕ ಅರ್ಥದ ವಿಶ್ವವಿದ್ಯಾಲಯ ಈ ಸೀಮೆಗೆ ಬಂದುದು 1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಮೂಲಕ. ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಆದರೆ ಕನ್ನಡನಾಡಿನ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ಸ್ನಾತಕೋತ್ತರ ಪದವಿ ದೊರೆಯಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು. 1927ರಲ್ಲಿ ಕನ್ನಡ ಎಂ.ಎ. ಆರಂಭವಾದಾಗ ತತ್ತ್ವಜ್ಞಾನಿ ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡದ ಪರವಾಗಿ ದುಡಿದಿದ್ದರು.

ಇಂದು ಹೊಸ ಪಠ್ಯಕ್ರಮಗಳ ಬಗ್ಗೆ ಮಾತನಾಡುವವರು ಈ ಪ್ರಸಂಗವನ್ನು ನೆನೆಯಬೇಕು. ಕನ್ನಡ ಎಂ.ಎ. ಓದಿದವರಿಗೆ ಉದ್ಯೋಗವೆಲ್ಲಿದೆ, ಬೋಧಿಸಲು ಪಠ್ಯಗಳೆಲ್ಲಿವೆ ಎಂದು ಅಂದು ಕೇಳಿದ್ದರೆ ಸಮಾಧಾನಕರ ಉತ್ತರ ಸಿಗುತ್ತಿರಲಿಲ್ಲ. ಪಠ್ಯಗಳನ್ನು ಸಂಪಾದಿಸಿಕೊಳ್ಳಬೇಕಿತ್ತು, ಪರಿಭಾಷೆಯನ್ನು ಕಟ್ಟಿಕೊಳ್ಳಬೇಕಿತ್ತು. ಆದರೆ ಅಲ್ಲಿ ಗುರುಗಳಿದ್ದರು. ನೆರೆಯ ಚಿತ್ರದುರ್ಗ ಜಿಲ್ಲೆಯ ತಳುಕಿನಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರು ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಅವರ ಶಿಷ್ಯ ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ, ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾಗಿ 1960ರಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಗುರು ವೆಂಕಣ್ಣಯ್ಯನವರಿಗೇ ಅರ್ಪಿಸಿದರು. ತುಮಕೂರು ಜಿಲ್ಲೆಯದೇ ಆದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ಅದೇ ವಿದ್ಯಾವಲಯದಲ್ಲಿ ಬೆಳೆದು 'ಭಾರತೀಯ ಕಾವ್ಯಮೀಮಾಂಸೆ'ಯಂಥ ಗ್ರಂಥವನ್ನು ಕೊಟ್ಟರು. ನಿಡುಗಲ್ಲಿನ ಶಾಸನದಲ್ಲಿ ಕಾಣುವ ಗುರುಸರಣಿಯಂಥದೇ ಒಂದು ಸರಣಿ ಇಲ್ಲಿ ಸೆಕ್ಯುಲರ್ ರೂಪದಲ್ಲಿ ಮರಳಿ ಹುಟ್ಟಿತು. ಈ ಬಾರಿ ಬಾಗಿಲು ಹೆಚ್ಚು ಅಗಲವಾಗಿತ್ತು. ದತ್ತಿಯ ಸ್ಥಾನದಲ್ಲಿ ರಾಜ್ಯದ ಬೊಕ್ಕಸವಿತ್ತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ತುಮಕೂರು ಜಿಲ್ಲೆ ಅದರ ವ್ಯಾಪ್ತಿಗೆ ಬಂತು. ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ಬರಗೂರು ರಾಮಚಂದ್ರಪ್ಪನವರು ಆ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದುದು, ರಾಜ್ಯದ ಸಾಂಸ್ಕೃತಿಕ ಜೀವನದಲ್ಲಿ ಪ್ರಮುಖ ದನಿಯಾದುದು ಎಲ್ಲರಿಗೂ ತಿಳಿದಿದೆ. ಸೀಮೆಯ ಪ್ರತಿಭೆಗೆ ಕೊರತೆಯಿರಲಿಲ್ಲ. ಆದರೆ ಅದು ಅರಳಿದ್ದು ಸೀಮೆಯ ಹೊರಗೆ.

ಗೊಲ್ಲಹಳ್ಳಿಯಿಂದ ಡೀಮ್ಡ್ ವಿಶ್ವವಿದ್ಯಾಲಯದವರೆಗೆ

ಸರ್ಕಾರದ ಕೈ ತಲುಪದ ಕಡೆ ಖಾಸಗಿ ಪ್ರಯತ್ನಗಳು ತಲೆಯೆತ್ತಿದವು. ತುಮಕೂರಿನಲ್ಲಿ ಇದಕ್ಕೆ ಎರಡು ಪ್ರಬಲ ಮಾದರಿಗಳಿವೆ. ಒಂದು, ಅನ್ನ ಮತ್ತು ಅಕ್ಷರಗಳನ್ನು ಜೊತೆಯಾಗಿ ನೀಡಿದ ಸಿದ್ಧಗಂಗಾ ಮಠ. ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಂಸ್ಕೃತ ಪಾಠಶಾಲೆಯ ಪರಂಪರೆಯೊಂದಿಗೆ 1963ರಲ್ಲಿ ತಾಂತ್ರಿಕ ಕಾಲೇಜೂ ಸೇರಿಕೊಂಡಿತು. ಇನ್ನೊಂದು, ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಸ್ಥಾಪಿಸಿದ ಶ್ರೀ ಸಿದ್ಧಾರ್ಥ ಶಿಕ್ಷಣ ಸಂಸ್ಥೆ.

ಎರಡನೆಯದರ ಚಾರಿತ್ರಿಕ ಮಹತ್ವವನ್ನು ವಿಶೇಷವಾಗಿ ಹೇಳಬೇಕು. ಶತಮಾನಗಳ ಕಾಲ ವಿದ್ಯೆಯ ಬಾಗಿಲಿನ ಹೊರಗೆ ನಿಲ್ಲಿಸಲ್ಪಟ್ಟ ದಲಿತ ಸಮುದಾಯದಿಂದ ಬಂದ ವ್ಯಕ್ತಿಯೊಬ್ಬರು, ತುಮಕೂರಿನ ಹೊರವಲಯದ ಗೊಲ್ಲಹಳ್ಳಿಯಿಂದ ಆರಂಭಿಸಿ, ಬುದ್ಧನ ಪೂರ್ವಾಶ್ರಮದ ಹೆಸರನ್ನಿಟ್ಟು ಕಟ್ಟಿದ ಸಂಸ್ಥೆಯಿದು. ಗ್ರಾಮಾಂತರ ಶಾಲೆಗಳಿಂದ ಮೊದಲಾದ ಈ ಸಂಸ್ಥೆ 1979ರಲ್ಲಿ ತಾಂತ್ರಿಕ ಕಾಲೇಜನ್ನೂ 1988ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. 2008ರಲ್ಲಿ ವೈದ್ಯ, ದಂತವೈದ್ಯ, ತಾಂತ್ರಿಕ ಕಾಲೇಜುಗಳನ್ನು ಒಳಗೊಂಡ ಶ್ರೀ ಸಿದ್ಧಾರ್ಥ ಉನ್ನತ ಶಿಕ್ಷಣ ಅಕಾಡೆಮಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 1956ರ ಕಾಯಿದೆಯ 3ನೆಯ ಪ್ರಕರಣದಡಿ ಡೀಮ್ಡ್ ವಿಶ್ವವಿದ್ಯಾಲಯದ ಮನ್ನಣೆ ದೊರೆಯಿತು. ಜಿಲ್ಲೆಯ ಜನರ ಬಾಯಲ್ಲಿ ಅದು 'ಸಾಹೇ' ವಿಶ್ವವಿದ್ಯಾಲಯ.

ಮಧುಗಿರಿ ಸೀಮೆಗೂ ಈ ಸಂಸ್ಥೆಗೂ ರಾಜಕೀಯದ ನಂಟೂ ಇದೆ. ಗಂಗಾಧರಯ್ಯನವರ ಪುತ್ರ ಜಿ. ಪರಮೇಶ್ವರ ಅವರು ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಬಂದವರು. 1989, 1999, 2004ರಲ್ಲಿ ಮಧುಗಿರಿಯಿಂದಲೂ 2008, 2018, 2023ರಲ್ಲಿ ಕೊರಟಗೆರೆಯಿಂದಲೂ ವಿಧಾನಸಭೆಗೆ ಆಯ್ಕೆಯಾದರು. ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಉನ್ನತ ಶಿಕ್ಷಣ ಖಾತೆಯನ್ನೂ ನಿರ್ವಹಿಸಿದರು. ಅಕಾಡೆಮಿಯ ಕುಲಾಧಿಪತಿ ಸ್ಥಾನದಲ್ಲಿ ಮೊದಲು ಅವರ ಸಹೋದರ ಜಿ. ಶಿವಪ್ರಸಾದ್, ಅನಂತರ ಪರಮೇಶ್ವರ ಅವರು ಕುಳಿತರು.

ನೇತೃತ್ವದ ಪ್ರಶ್ನೆ

ಸಂಸ್ಥಾಪಕರ ಮನೆತನವೇ ವಿಶ್ವವಿದ್ಯಾಲಯದ ನೇತೃತ್ವ ವಹಿಸುವುದು ಸರಿಯೇ ಎಂಬ ಚರ್ಚೆ ತುಮಕೂರಿಗೆ ಸೀಮಿತವಾದುದಲ್ಲ. 2009ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಪಿ.ಎನ್. ಟಂಡನ್ ಸಮಿತಿ ದೇಶದ 126 ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಪರಿಶೀಲಿಸಿತು. 38 ಸಂಸ್ಥೆಗಳು ಯೋಗ್ಯವೆಂದೂ 44 ಸಂಸ್ಥೆಗಳು ಕೊರತೆಗಳನ್ನು ಮೂರು ವರ್ಷಗಳಲ್ಲಿ ತುಂಬಿಕೊಳ್ಳಬೇಕೆಂದೂ ಉಳಿದ 44 ಸಂಸ್ಥೆಗಳು ಆ ಮನ್ನಣೆಗೆ ತಕ್ಕವಲ್ಲವೆಂದೂ ಅದು ವರದಿ ಮಾಡಿತು. ಆಡಳಿತದಲ್ಲಿ ಕುಟುಂಬದ ಹಿಡಿತ, ಸಂಶೋಧನೆಯ ಕೊರತೆ, ಕೆಲವೇ ವೃತ್ತಿಪರ ವಿಷಯಗಳಿಗೆ ಸೀಮಿತವಾದ ಬೋಧನೆ ಇವು ಸಮಿತಿಯ ಮುಖ್ಯ ಆಕ್ಷೇಪಗಳು. 2010ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೂರನೆಯ ಪಟ್ಟಿಯಲ್ಲಿ ಕರ್ನಾಟಕದ ಇತರ ಕೆಲವು ಸಂಸ್ಥೆಗಳ ಜೊತೆ ತುಮಕೂರಿನ ಅಕಾಡೆಮಿಯ ಹೆಸರೂ ಇತ್ತು. ಸಮಿತಿಯ ಪರಿಶೀಲನಾ ಕ್ರಮವನ್ನು ಸಂಸ್ಥೆಗಳು ಪ್ರಶ್ನಿಸಿದವು, ನ್ಯಾಯಾಲಯ ಯಥಾಸ್ಥಿತಿಗೆ ಆದೇಶಿಸಿತು, ಮರುಪರಿಶೀಲನೆಗಳು ನಡೆದವು. ಅಕಾಡೆಮಿ ಡೀಮ್ಡ್ ವಿಶ್ವವಿದ್ಯಾಲಯವಾಗಿ ಮುಂದುವರಿಯಿತು. 2017ರಲ್ಲಿ ನ್ಯಾಯಾಲಯದ ತೀರ್ಪಿನನ್ವಯ ಇಂಥ ಸಂಸ್ಥೆಗಳು ತಮ್ಮ ಹೆಸರಿನಲ್ಲಿ ವಿಶ್ವವಿದ್ಯಾಲಯವೆಂಬ ಪದವನ್ನು ಬಳಸಬಾರದೆಂಬ ಸೂಚನೆ ದೇಶದಾದ್ಯಂತ ಹೊರಟಿತು.

ಈ ವಿವಾದದಲ್ಲಿ ಒಂದು ಪಕ್ಷವನ್ನಷ್ಟೇ ನೋಡುವುದು ಚರಿತ್ರೆಗೆ ನ್ಯಾಯವಾಗದು. ಪರಂಪರಾಗತವಾಗಿ ಭೂಮಿ, ಹಣ, ಮಠಗಳ ಬೆಂಬಲವಿದ್ದ ಸಮುದಾಯಗಳು ಕಟ್ಟಿದ ಸಂಸ್ಥೆಗಳ ನಡುವೆ, ಅಂಥ ಯಾವ ಬೆಂಬಲವೂ ಇಲ್ಲದೆ ಬೆಳೆದ ಸಂಸ್ಥೆಯೊಂದನ್ನು ಅದರ ಸಂಸ್ಥಾಪಕರು ಕೈಬಿಡದೆ ಕಾಪಾಡಿಕೊಳ್ಳುವುದಕ್ಕೆ ಸಾಮಾಜಿಕ ಕಾರಣಗಳಿವೆ. ಸಮಿತಿಯ ಪ್ರಶ್ನೆಯೂ ಸುಳ್ಳಲ್ಲ. ವಿಶ್ವವಿದ್ಯಾಲಯದ ಮುಂದಿನ ನಾಯಕ ಎಲ್ಲಿಂದ ಬರಬೇಕು? ಸಂಸ್ಥಾಪಕರ ವಂಶಾವಳಿಯಿಂದಲೋ, ಅಲ್ಲಿ ಕಲಿತು ಕಲಿಸಿದವರ ಸರಣಿಯಿಂದಲೋ? ಗಂಗೇಯನ ಮಾರೆಯನ ಶಾಸನ ಈ ಎರಡನ್ನೂ ಬೇರೆಯಾಗಿ ನೋಡಿತ್ತು.

ಹೊಸ ವಿಷಯಗಳ ಆಯ್ಕೆ

ನೇತೃತ್ವದಷ್ಟೇ ಮುಖ್ಯವಾದುದು ಏನನ್ನು ಕಲಿಸಬೇಕೆಂಬ ಆಯ್ಕೆ. 2010ರ ನಂತರ ಪ್ರತ್ಯೇಕ ಕಾಯಿದೆಗಳ ಮೂಲಕ ಕರ್ನಾಟಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಬಂದಿವೆ. ಅವುಗಳ ಬಹುಪಾಲು ಹೊಸ ಪಠ್ಯಕ್ರಮಗಳು ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ, ವ್ಯವಹಾರ ನಿರ್ವಹಣೆ, ಆರೋಗ್ಯ ವಿಜ್ಞಾನಗಳ ಸುತ್ತ ಇವೆ. ಶುಲ್ಕದಿಂದಲೇ ನಡೆಯಬೇಕಾದ ಸಂಸ್ಥೆಗೆ ಇದು ಅನಿವಾರ್ಯವೆನಿಸಬಹುದು. ಆದರೆ ಖಾಸಗಿ ವಿಶ್ವವಿದ್ಯಾಲಯವೆಂದರೆ ಇಷ್ಟೇ ಎಂದೂ ಹೇಳುವಂತಿಲ್ಲ. ದತ್ತಿಯ ಬಲದಿಂದ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನ ಬೋಧನೆಯನ್ನು ಶಿಕ್ಷಣ, ಅಭಿವೃದ್ಧಿಗಳ ಎಂ.ಎ. ತರಗತಿಗಳಿಂದ ಆರಂಭಿಸಿತು. ಆದಾಯದ ಮೂಲ ಯಾವುದೋ ಅದಕ್ಕೆ ತಕ್ಕಂತೆ ವಿಷಯಗಳ ಆಯ್ಕೆ ನಡೆಯುತ್ತದೆಂಬುದು ತೈಲಂಗೆರೆಯ ಅಡಕೆ ಮರಗಳ ಕಾಲದಿಂದಲೂ ಸತ್ಯ.

ವಿಸ್ತರಣೆಯ ದಿಕ್ಕನ್ನೂ ಗಮನಿಸಬೇಕು. ಸಿದ್ಧಾರ್ಥ ಸಂಸ್ಥೆಯ ಎರಡನೆಯ ವೈದ್ಯಕೀಯ ಕಾಲೇಜು ನೆಲೆಗೊಂಡುದು ಬೆಂಗಳೂರಿನ ಕಡೆಗಿರುವ ನೆಲಮಂಗಲ ತಾಲ್ಲೂಕಿನ ಟಿ. ಬೇಗೂರಿನಲ್ಲಿ. ರೋಗಿಗಳ, ವಿದ್ಯಾರ್ಥಿಗಳ ಹರಿವು ರಾಜಧಾನಿಯತ್ತ ಇರುವಾಗ ಇದು ಸಹಜ. ಆದರೆ ಪಾವಗಡದ ಕಣ್ಣಿನಿಂದ ನೋಡಿದರೆ ಉನ್ನತ ವಿದ್ಯೆ ಇನ್ನಷ್ಟು ದಕ್ಷಿಣಕ್ಕೆ ಸರಿದಂತೆ. 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನಕ್ಕೆ ಸುಮಾರು 13,000 ಎಕರೆ ನೆಲ ಕೊಟ್ಟ ತಾಲ್ಲೂಕು ಅದು. ಸೌರಶಕ್ತಿಯ ತಂತ್ರಜ್ಞಾನವನ್ನು ಪದವಿ ಮಟ್ಟದಲ್ಲಿ ಕಲಿಯಬೇಕೆನ್ನುವ ಅಲ್ಲಿನ ಹುಡುಗನೋ ಹುಡುಗಿಯೋ ತಾಂತ್ರಿಕ ಕಾಲೇಜಿಗಾಗಿ ಊರು ಬಿಟ್ಟೇ ಹೋಗಬೇಕು.

ಸರ್ಕಾರದ ಹಾದಿಯೂ ಸುಗಮವಾಗಿಲ್ಲ. 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ತುಮಕೂರು ವಿಶ್ವವಿದ್ಯಾಲಯ ಹುಟ್ಟಿದಾಗ ನಾಲ್ಕೂ ತಾಲ್ಲೂಕುಗಳ ಕಾಲೇಜುಗಳು ಅದಕ್ಕೆ ಸೇರಿದವು. ಡಿ.ವಿ. ಗುಂಡಪ್ಪನವರ ಹೆಸರಿನ ಕನ್ನಡ ಅಧ್ಯಯನ ಕೇಂದ್ರ ಅಲ್ಲಿದೆ. ಬಿದರಕಟ್ಟೆಯಲ್ಲಿ ಹೊಸ ಆವರಣ ರೂಪುಗೊಂಡಿದೆ. ಆದರೆ ವಿಶ್ವವಿದ್ಯಾಲಯವನ್ನು ಘೋಷಿಸುವುದು ಸುಲಭ, ಸಾಕುವುದು ಕಷ್ಟ. 2023ರಲ್ಲಿ ರಾಜ್ಯದಲ್ಲಿ ಆರಂಭವಾದ ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳು ಹಣವಿಲ್ಲದೆ, ಬೋಧಕರಿಲ್ಲದೆ ಸೊರಗಿ, 2025ರಲ್ಲಿ ಅವುಗಳನ್ನು ಮುಚ್ಚುವ ಪ್ರಸ್ತಾಪವೇ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂತು. ಅಲ್ಲಿ ಕುಲಪತಿಗಳಿದ್ದರು, ಅಧ್ಯಾಪಕರ ಸರಣಿಯೂ ಸ್ಥಿರ ಆದಾಯವೂ ಇರಲಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ತರಗತಿಗಳನ್ನು ರಾಜ್ಯದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿರುತ್ತೇನೆಂಬ ಭರವಸೆಯಿಲ್ಲದ ಗುರುವಿನಿಂದ ಶಿಷ್ಯಪರಂಪರೆಯನ್ನು ನಿರೀಕ್ಷಿಸುವುದು ಹೇಗೆ?

ಉಳಿದಿರುವ ಕೆಲಸ

1904ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಶಿರಾ, ಪಾವಗಡ, ಅಂದು ಮದ್ದಗಿರಿಯೆನಿಸಿದ್ದ ಮಧುಗಿರಿಗಳ ಶಾಸನಗಳು ಅದರಲ್ಲಿವೆ. ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜೈನಧರ್ಮ ಕುರಿತ ತಮ್ಮ ಗ್ರಂಥದಲ್ಲಿ ಗಡಿಯಾಚೆಯ ಪಾಟಶಿವರಂ, ಅಮರಾಪುರಗಳನ್ನೂ ಗಡಿಯೀಚೆಯ ನಿಡುಗಲ್ಲನ್ನೂ ಒಟ್ಟಿಗೆ ಇಟ್ಟು ಓದಿದರು. ರಾಜ್ಯಗಳ ಗಡಿರೇಖೆ ಕಡಿದುಹಾಕಿದ್ದ ಒಂದೇ ಪರಂಪರೆಯನ್ನು ಹೀಗೆ ಮತ್ತೆ ಜೋಡಿಸಿದವರು ದೂರದ ವಿದ್ವಾಂಸರು. ಕನ್ನಡ, ತೆಲುಗು, ಸಂಸ್ಕೃತ, ಪ್ರಾಕೃತಗಳ ಜೊತೆಗೆ ಶಿರಾದ ಪರ್ಷಿಯನ್ ಬರಹಗಳನ್ನೂ ಸೇರಿಸಿಕೊಂಡು ಈ ನಾಲ್ಕು ತಾಲ್ಲೂಕುಗಳನ್ನು ಓದಬಲ್ಲ ಶಾಸನಶಾಸ್ತ್ರದ, ಗಡಿ ಅಧ್ಯಯನದ ತರಗತಿಯೊಂದು ಈ ಸೀಮೆಯಲ್ಲೇ ನಡೆದರೆ ಅದಕ್ಕೆ ವಿಷಯದ ಕೊರತೆಯಾಗದು. ಅದನ್ನು ಸರ್ಕಾರಿ ವಿಶ್ವವಿದ್ಯಾಲಯವೇ ತೆರೆಯಬೇಕೆಂದಿಲ್ಲ. ವೃತ್ತಿಪರ ವಿಷಯಗಳ ಶುಲ್ಕದಿಂದ ಬಲಗೊಂಡ ಖಾಸಗಿ ಸಂಸ್ಥೆಯೊಂದು ತನ್ನ ಆದಾಯದ ಸಣ್ಣ ಭಾಗವನ್ನು ದತ್ತಿಯಾಗಿ ಎತ್ತಿಟ್ಟರೂ ಸಾಕು.

ಒಟ್ಟಿನಲ್ಲಿ ಈ ಸೀಮೆಯ ಎಂಟು ಶತಮಾನಗಳ ಅನುಭವ ಒಂದೇ ಮಾತನ್ನು ಪುಷ್ಟೀಕರಿಸುತ್ತದೆ. ಕಟ್ಟಡ ಕಟ್ಟುವವರು, ಪೀಠವೇರುವವರು, ಹೊಸ ವಿಷಯಗಳನ್ನು ಘೋಷಿಸುವವರು ಎಲ್ಲ ಕಾಲಕ್ಕೂ ಇದ್ದಾರೆ, ಅವರು ಬೇಕು ಕೂಡ. ಆದರೆ ಮುರಿಯದ ಗುರುಸರಣಿ ಮತ್ತು ಬತ್ತದ ದತ್ತಿ ಇದ್ದ ಕಡೆ ಮಾತ್ರ ವಿದ್ಯೆ ಬೇರೂರಿದೆ. ವೀರನಂದಿಗಳಿಂದ ನೇಮಿ ಪಂಡಿತರವರೆಗೆ, ವೆಂಕಣ್ಣಯ್ಯನವರಿಂದ ಕುವೆಂಪುವರೆಗೆ ಕಾಣುವುದು ಇದೇ. ಹತ್ತನೆಯ ತರಗತಿಯ ಫಲಿತಾಂಶದಲ್ಲಿ ತನ್ನ ಜಿಲ್ಲೆಯ ಹೆಸರನ್ನು ಕಾಣುವ ಪಾವಗಡದ ವಿದ್ಯಾರ್ಥಿಗೆ ಮುಂದಿನ ಓದಿನಲ್ಲೂ ಆ ಹೆಸರು ಉಳಿಯಬೇಕಾದರೆ, ತುಮಕೂರಿನ ಸರ್ಕಾರಿ ಮತ್ತು ಖಾಸಗಿ ವಿಶ್ವವಿದ್ಯಾಲಯಗಳೆರಡೂ ಉತ್ತರದ ಈ ನಾಲ್ಕು ತಾಲ್ಲೂಕುಗಳತ್ತ ಮುಖ ಮಾಡಬೇಕಾಗಿದೆ. ನಿಡುಗಲ್ಲಿನ ಶಾಸನವನ್ನು ನಿಡುಗಲ್ಲಿನ ಮಕ್ಕಳೇ ಓದುವ ಕಾಲ ಬರಬೇಕಾದರೆ ಅದನ್ನು ಓದಿಸುವ ಗುರುವೊಬ್ಬರು ಅಲ್ಲಿ ನೆಲೆ ನಿಲ್ಲಬೇಕು.